ಹುಳದ ಮೇಲೆ ಬೆಳೆಯೋ ಔಷಧಿ ಫಂಗಸ್ಸು, ಅದರೊಳಗಿನ ಪುಟಾಣಿ ಪೆಪ್ಟೈಡು: ಹುಡುಕೋದು ಯಾಕಿಷ್ಟು ಕಷ್ಟ?

ಕಾರ್ಡಿಸೆಪ್ಸ್ ಅನ್ನೋ ಹೆಸರಲ್ಲಿ ಕ್ಯಾಪ್ಸೂಲು, ಪೌಡರು ಎಲ್ಲಾ ಈಗ ನಮ್ಮಲ್ಲೂ ಆನ್‌ಲೈನಲ್ಲಿ ಸಿಗ್ತಿದೆ, ಅದರಲ್ಲಿ ಪೆಪ್ಟೈಡ್ ಇದೆ, ಅದು ಕಿಡ್ನಿಗೆ ಒಳ್ಳೇದು ಬಿಪಿಗೆ ಒಳ್ಳೇದು ಅಂತ ಮಾತೂ ಓಡಾಡ್ತಿದೆ. ಪೆಪ್ಟೈಡ್ ಇದೆ ಅನ್ನೋದು ಸುಳ್ಳೇನಲ್ಲ, ಆದ್ರೆ ಯಾವ ಪೆಪ್ಟೈಡು, ಎಷ್ಟಿದೆ, ಅದು ನಿಜವಾಗ್ಲೂ ಆ ಫಂಗಸ್ಸಿಂದಾನೇ ಬಂದಿದ್ದಾ, ಇಷ್ಟು ಹೇಳೋಕೆ ಲ್ಯಾಬಲ್ಲಿ ಎಷ್ಟು ಒದ್ದಾಡಬೇಕು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ಪ್ರೋಟೀನ್ ಗುರುತಿಸೋದು ಕಷ್ಟ, ಚಿಕ್ಕ ಪೆಪ್ಟೈಡ್ ಸುಲಭ ಅಂತ ಅನ್ಸತ್ತೆ ಅಲ್ವಾ, ವಾಸ್ತವದಲ್ಲಿ ಉಲ್ಟಾ. ಚಿಕ್ಕದಾದಷ್ಟೂ ಕಷ್ಟ ಜಾಸ್ತಿ.

ಮೊದಲು ಫಂಗಸ್ ಯಾವುದು ಅಂತ ನೋಡೋಣ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಳಸೋದು ಒಫಿಯೋಕಾರ್ಡಿಸೆಪ್ಸ್ ಸೈನೆನ್ಸಿಸ್. ಟಿಬೆಟ್ ಪ್ರಸ್ಥಭೂಮಿ, ಚಿಂಗ್‌ಹಾಯ್, ಸಿಚುವಾನ್, ಯುನ್ನಾನ್, ಇತ್ತ ನೇಪಾಳ, ಭೂತಾನ್, ನಮ್ಮ ಸಿಕ್ಕಿಂ ಮತ್ತು ಉತ್ತರಾಖಂಡದಲ್ಲಿ 3000ದಿಂದ 5000 ಮೀಟರ್ ಎತ್ತರದ ಹುಲ್ಲುಗಾವಲಲ್ಲಿ ಮಾತ್ರ ಸಿಗತ್ತೆ. ನೇಪಾಳದವರು ಯಾರ್ಸಾಗುಂಬಾ ಅಂತಾರೆ, ಉತ್ತರಾಖಂಡದ ಪಿಥೋರಾಗಢದ ಕಡೆಯವರು ಕೀಡಾ ಜಡಿ ಅಂತಾರೆ. ಒಂದು ಜಾತಿಯ ಪತಂಗದ ಮರಿಹುಳ ಮಣ್ಣೊಳಗೆ ಬೇರು ತಿಂದ್ಕೊಂಡು ಇರತ್ತೆ, ಫಂಗಸ್ಸಿನ ಬೀಜಕಣ ಅದಕ್ಕೆ ತಗುಲಿ ಒಳಗೆಲ್ಲಾ ಹಬ್ಬಿ ಹುಳಾನ ಸಾಯಿಸತ್ತೆ, ಆಮೇಲೆ ಹಿಮ ಕರಗೋ ಹೊತ್ತಿಗೆ ಹುಳದ ತಲೆಯಿಂದ ಕಂದು ಬಣ್ಣದ ಕಡ್ಡಿ ಥರದ್ದು ಮಣ್ಣಿಂದ ಮೇಲಕ್ಕೆ ಬರತ್ತೆ. ಕೀಳೋವಾಗ ಹುಳ ಕಡ್ಡಿ ಎರಡನ್ನೂ ಸೇರಿಸೇ ಕೀಳ್ತಾರೆ. ಈ ಒಂದು ವಿಷಯ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಕೆಮಿಸ್ಟ್ರಿ ಪೂರ್ತಿ ಗೋಜಲಾಗೋದು ಇದರಿಂದಾನೇ.

ಬೆಲೆ ಕೆಜಿಗೆ ಹಲವು ಲಕ್ಷ ರೂಪಾಯಿ. 1993ರಲ್ಲಿ ಚೀನಾದ ಓಟಗಾರ್ತಿ ವಾಂಗ್ ಜುನ್‌ಶಿಯಾ 10,000 ಮೀಟರನ್ನ 29 ನಿಮಿಷ 31.78 ಸೆಕೆಂಡಲ್ಲಿ ಓಡಿ ವರ್ಲ್ಡ್ ರೆಕಾರ್ಡ್ ಮಾಡಿದಾಗ ಕೋಚ್ ಮಾ ಜುನ್‌ರೆನ್ ಇದೇ ಫಂಗಸ್ಸಿನ ಹೆಸರು ಹೇಳಿದ್ರು, ಅಲ್ಲಿಂದ ಪ್ರಪಂಚಕ್ಕೆಲ್ಲಾ ಇದರ ಹೆಸರು ಹಬ್ಬಿತು. ಆ ಟೀಮಿನ ಮೇಲೆ ಡೋಪಿಂಗ್ ಆರೋಪ ಬಂದಿದ್ದು, 2000ದ ಒಲಿಂಪಿಕ್ಸಿಗೆ ಮುಂಚೆ ಬ್ಲಡ್ ಟೆಸ್ಟ್ ಆದ್ಮೇಲೆ ಅವರ ಹಲವಾರು ಓಟಗಾರ್ತಿಯರನ್ನ ಕೈಬಿಟ್ಟಿದ್ದು ಕೂಡ ನಡೀತು. ಬೇಡಿಕೆ ಹೆಚ್ಚಾಗಿ ಕಿತ್ತೂ ಕಿತ್ತೂ ಈಗ 2020ರಿಂದ ಐಯುಸಿಎನ್ ಅನ್ನೋ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಇದು ಅಪಾಯಕ್ಕೀಡಾಗಬಹುದಾದ (ವಲ್ನರಬಲ್) ಪ್ರಭೇದ.

ಈ ಫಂಗಸ್ಸಿನ ಕೆಮಿಸ್ಟ್ರಿಯಲ್ಲಿ ಒಂದು ಹಳೇ ಕಥೆ ಇದೆ, ಪೆಪ್ಟೈಡಿಗೆ ಹೋಗೋ ಮುಂಚೆ ಅದನ್ನ ಹೇಳಲೇಬೇಕು. 1957ರಲ್ಲಿ ಚಟರ್ಜಿ, ಶ್ರೀನಿವಾಸನ್, ಮೈತಿ ಅನ್ನೋ ಮೂವರು ಇದರಿಂದ ಹರಳಿನಂಥ ಒಂದು ವಸ್ತು ಬೇರ್ಪಡಿಸಿ ಅದಕ್ಕೆ ಕಾರ್ಡಿಸೆಪಿಕ್ ಆಸಿಡ್ ಅಂತ ಹೆಸರಿಟ್ಟು ಅದರ ರಚನೆಯನ್ನೂ ಪ್ರಕಟಿಸಿದ್ರು. 1963ರಲ್ಲಿ ಬೇರೆಯವರು ಮತ್ತೆ ಪರೀಕ್ಷೆ ಮಾಡಿದಾಗ ಅದು ಆಸಿಡ್ಡೇ ಅಲ್ಲ, ಮ್ಯಾನಿಟಾಲ್ ಅಂತ ಗೊತ್ತಾಯ್ತು, ಅಂದ್ರೆ ಎಷ್ಟೋ ಅಣಬೆಗಳಲ್ಲಿ ಗಿಡಗಳಲ್ಲಿ ಸಾಮಾನ್ಯವಾಗಿ ಇರೋ ಸಕ್ಕರೆ ಜಾತಿಯ ಆಲ್ಕೋಹಾಲು. ಅವತ್ತಿನ ಉಪಕರಣಗಳಲ್ಲಿ ಆ ಮೂವರು ಮಾಡಿದ್ದು ಕಡಿಮೆ ಕೆಲಸ ಏನಲ್ಲ, ಅದು ಬೇರೆ ವಿಷಯ. ಆದ್ರೆ ಇವತ್ತಿಗೂ ಎಷ್ಟೋ ಪ್ರಾಡಕ್ಟ್ ರಿಪೋರ್ಟಲ್ಲಿ ಕಾರ್ಡಿಸೆಪಿಕ್ ಆಸಿಡ್ ಇಷ್ಟು ಪರ್ಸೆಂಟ್ ಅಂತ ಬರ್ತಾನೇ ಇದೆ, ಅರವತ್ತು ವರ್ಷದ ಹಿಂದೆ ತಿದ್ದಿದ್ದು ಇನ್ನೂ ಮಾರ್ಕೆಟ್ಟಿಗೆ ತಲುಪಿಲ್ಲ. ಒಂದು ಸಲ ತಪ್ಪು ಗುರುತು ಅಂಟಿಕೊಂಡ್ರೆ ಬಿಡಿಸೋದು ಎಷ್ಟು ಕಷ್ಟ ಅನ್ನೋದಕ್ಕೆ ಇದನ್ನ ಹೇಳಿದ್ದು, ಪೆಪ್ಟೈಡ್ ವಿಷಯದಲ್ಲಿ ಇಂಥ ತಪ್ಪಿಗೆ ದಾರಿ ಇನ್ನೂ ಜಾಸ್ತಿ ಇವೆ.

ಪೆಪ್ಟೈಡ್ ಅಂದ್ರೆ ಅಮೈನೋ ಆಸಿಡ್‌ಗಳು ಒಂದಕ್ಕೊಂದು ಕೂಡಿಕೊಂಡಿರೋ ಸರಣಿ. ನೂರಾರು ಸೇರಿದ್ರೆ ಪ್ರೋಟೀನ್, ಎರಡು ಮೂರು ನಾಲ್ಕು ಸೇರಿದ್ರೆ ನಾವು ಇಲ್ಲಿ ಮಾತಾಡ್ತಿರೋ ಪುಟಾಣಿ ಪೆಪ್ಟೈಡ್. ಇಪ್ಪತ್ತು ಥರದ ಅಮೈನೋ ಆಸಿಡ್ ಇವೆ ಅಂದ್ರೆ ಎರಡರ ಜೋಡಿ 400, ಮೂರರದ್ದು 8000, ನಾಲ್ಕರದ್ದು 1,60,000. ಇದು ಬರೀ ನೇರ ಸರಣಿಗಳ ಲೆಕ್ಕ, ತಲೆ ಬಾಲ ಸೇರ್ಕೊಂಡು ಉಂಗುರ ಆಗಿರೋವು ಬೇರೆ.

ಈ ಫಂಗಸ್ ಕುಟುಂಬದಲ್ಲೇ ಜನ ಯಾಕೆ ಪೆಪ್ಟೈಡ್ ಹುಡುಕ್ತಾರೆ ಅಂದ್ರೆ ಅದಕ್ಕೆ ಗಟ್ಟಿ ಕಾರಣ ಇದೆ. ಸೈಕ್ಲೋಸ್ಪೋರಿನ್ ಅಂತ ಔಷಧಿ, ಕಿಡ್ನಿ ಲಿವರ್ ಕಸಿ ಮಾಡಿಸ್ಕೊಂಡವರಿಗೆಲ್ಲಾ ಗೊತ್ತು, ದೇಹ ಹೊಸ ಅಂಗಾನ ತಿರಸ್ಕರಿಸದ ಹಾಗೆ ತಡೆಯತ್ತೆ. ಅದು 11 ಅಮೈನೋ ಆಸಿಡ್ಡಿನ ಉಂಗುರ. 1969ರಲ್ಲಿ ಸ್ಯಾಂಡೋಜ್ ಕಂಪನಿಯ ಒಬ್ಬರು ನಾರ್ವೆಯ ಹಾರ್ಡಂಗರ್‌ವಿಡ್ಡಾ ಅನ್ನೋ ಪ್ರಸ್ಥಭೂಮಿಯಿಂದ ತಂದ ಮಣ್ಣಲ್ಲಿದ್ದ ಫಂಗಸ್ಸಿಂದ ಸಿಕ್ಕಿದ್ದು, 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಆ ಫಂಗಸ್ ಜೀರುಂಡೆ ಮರಿಯ ಮೇಲೆ ಬೆಳೆಯೋ ಒಂದು ಕಾರ್ಡಿಸೆಪ್ಸಿನ ಇನ್ನೊಂದು ರೂಪ ಅಂತ 1996ರಲ್ಲಿ ತಿಳೀತು. ಅಂದ್ರೆ ಹುಳ ತಿನ್ನೋ ಈ ಬಳಗದಲ್ಲಿ ಬಲವಾದ ಪೆಪ್ಟೈಡ್ ಸಿಗೋದು ಖಂಡಿತ ಸಾಧ್ಯ. ಹಾಗಂತ ಸೈಕ್ಲೋಸ್ಪೋರಿನ್ನಿನ ಪುಣ್ಯಾನ ಕೀಡಾ ಜಡಿಗೆ ಬರೆಯೋಕಾಗಲ್ಲ, ಎರಡೂ ಬೇರೆ ಬೇರೆ ಪ್ರಭೇದ.

ಇನ್ನು ಲ್ಯಾಬಿಗೆ ಬರೋಣ. ಒಣಗಿದ ಒಂದು ಪೀಸು ಅರ್ಧ ಗ್ರಾಮಿನ ಆಸುಪಾಸು ಇರತ್ತೆ, ಬೆಲೆ ನೋಡಿದ್ರೆ ಕೈ ನಡುಗತ್ತೆ, ಹಾಗಾಗಿ ಸ್ಯಾಂಪಲ್ ಯಾವಾಗ್ಲೂ ಕಮ್ಮಿ. ಅದನ್ನ ಚೆನ್ನಾಗಿ ಉಜ್ಜಿ ಮಣ್ಣು ತೆಗೆದು ಪುಡಿ ಮಾಡಿ, ಕೊಬ್ಬು ತೆಗೆದು, ನೀರಲ್ಲೋ ನೀರು ಮೆಥನಾಲ್ ಮಿಶ್ರಣದಲ್ಲೋ ನೆನೆಸಿ ಸಾರ ಇಳಿಸ್ತಾರೆ. ಆಮೇಲೆ ಆ ಸಾರಾನ ಸಣ್ಣ ರಂಧ್ರದ ಮೆಂಬ್ರೇನ್ ಫಿಲ್ಟರಲ್ಲಿ ಹಾಯಿಸ್ತಾರೆ, 3000 ಡಾಲ್ಟನ್‌ಗಿಂತ ದೊಡ್ಡದು ಮೇಲೆ ನಿಲ್ಲತ್ತೆ, ಚಿಕ್ಕದು ಕೆಳಗಿಳಿಯತ್ತೆ (ಡಾಲ್ಟನ್ ಅಂದ್ರೆ ಅಣುವಿನ ತೂಕ ಹೇಳೋ ಅಳತೆ). ಕೇಳೋಕೆ ಸಲೀಸು, ಆದ್ರೆ ಕೆಳಗಿಳಿದಿದ್ದರಲ್ಲಿ ಪೆಪ್ಟೈಡ್ ಒಂದೇ ಇರಲ್ಲ, ಆಗ ಹೇಳಿದ ಮ್ಯಾನಿಟಾಲ್ ರಾಶಿ ರಾಶಿ, ಅಡೆನೋಸಿನ್ ಥರದ ನ್ಯೂಕ್ಲಿಯೋಸೈಡು, ಬಿಡಿ ಅಮೈನೋ ಆಸಿಡು, ಉಪ್ಪು ಎಲ್ಲಾ ಇಳಿದಿರತ್ತೆ.

ಇಲ್ಲೇ ಇನ್ನೊಂದು ಸೂಕ್ಷ್ಮ. ಕಿತ್ತ ಮೇಲೆ ಬಿಸಿಲಲ್ಲಿ ಒಣಗಿಸೋವಾಗ ಹುಳದ ಮತ್ತು ಫಂಗಸ್ಸಿನ ಎಂಜೈಮುಗಳು ಸುಮ್ನೆ ಕೂತಿರಲ್ಲ, ಪ್ರೋಟೀನುಗಳನ್ನ ಕತ್ತರಿಸ್ತಾನೇ ಇರತ್ವೆ. ಹಾಗಾಗಿ ಒಣಗಿಸಿದ ಸ್ಯಾಂಪಲ್ಲಲ್ಲಿ ಕಾಣೋ ಎಷ್ಟೋ ಪೆಪ್ಟೈಡು ಜೀವಂತ ಇದ್ದಾಗ ಇರಲೇ ಇಲ್ಲ, ಒಣಗೋವಾಗ ಹುಟ್ಟಿಕೊಂಡವು. ಕಿತ್ತ ಕೂಡ್ಲೇ ಲಿಕ್ವಿಡ್ ನೈಟ್ರೋಜನ್ನಲ್ಲಿ ಹೆಪ್ಪುಗಟ್ಟಿಸಿದ ಸ್ಯಾಂಪಲ್ ಜೊತೆ ಹೋಲಿಸಿದ್ರೆ ಮಾತ್ರ ವ್ಯತ್ಯಾಸ ಗೊತ್ತಾಗೋದು, ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ನೈಟ್ರೋಜನ್ ಡಬ್ಬ ಹೊತ್ತುಕೊಂಡು ಹೋಗೋದು ಎಷ್ಟು ಕಷ್ಟ ಅಂತ ನೀವೇ ಯೋಚನೆ ಮಾಡಿ.

ಬೇರ್ಪಡಿಸೋ ಹಂತದಲ್ಲಿ ಸಾಮಾನ್ಯವಾಗಿ ಸಿ18 ಕಾಲಮ್ ಹಾಕ್ತಾರೆ, ಕಾಲಮ್ ಅಂದ್ರೆ ಸಣ್ಣ ಕಣ ತುಂಬಿದ ಕೊಳವೆ, ಎಣ್ಣೆ ಸ್ವಭಾವದ್ದನ್ನ ಹಿಡ್ಕೊಂಡು ನೀರಿನ ಸ್ವಭಾವದ್ದನ್ನ ಬೇಗ ಬಿಟ್ಟುಬಿಡೋ ಕಾಲಮ್ ಅದು. ಪ್ರೋಟೀನ್ ಕೆಲಸಕ್ಕೆ ಇದು ಬಹಳ ಒಳ್ಳೇದು. ಆದ್ರೆ ಗ್ಲೈಸಿನ್, ಸೆರಿನ್, ಗ್ಲುಟಮಿಕ್ ಆಸಿಡ್ ಇರೋ ಎರಡು ಮೂರರ ಪೆಪ್ಟೈಡುಗಳು ಇದರಲ್ಲಿ ನಿಲ್ಲೋದೇ ಇಲ್ಲ, ಉಪ್ಪು ಸಕ್ಕರೆ ಜೊತೆ ಮೊದಲ ನಿಮಿಷದಲ್ಲೇ ಒಟ್ಟಿಗೆ ಹೊರಗೆ ಬಂದುಬಿಡತ್ವೆ, ಆ ಗುಂಪಲ್ಲಿ ಮುಂದಿನ ತೂಕ ಅಳೆಯೋ ಯಂತ್ರಕ್ಕೆ ಅವು ಕಾಣೋದೂ ಇಲ್ಲ. ಅದಕ್ಕೆ ಕೆಲವರು ನೀರಿನ ಸ್ವಭಾವದ್ದನ್ನೇ ಹಿಡಿಯೋ ಹಿಲಿಕ್ ಅನ್ನೋ ಕಾಲಮ್ ಬಳಸ್ತಾರೆ, ಇನ್ನು ಕೆಲವರು ಡ್ಯಾನ್ಸಿಲ್ ಕ್ಲೋರೈಡ್ ಹಾಕಿ ಪೆಪ್ಟೈಡಿನ ಅಮೈನ್ ತುದಿಗೆ 233 ಡಾಲ್ಟನ್ ತೂಕದ ಒಂದು ಬಾಲ ಅಂಟಿಸ್ತಾರೆ, ಆಗ ಅದು ಸಿ18ನಲ್ಲೂ ನಿಲ್ಲತ್ತೆ, ಸಿಗ್ನಲ್ಲೂ ಜೋರಾಗತ್ತೆ. ಆದ್ರೆ ಉಂಗುರದ ಪೆಪ್ಟೈಡಿಗೆ ಬಿಡಿ ಅಮೈನ್ ತುದಿ ಇರಲ್ಲ, ಅದಕ್ಕೆ ಈ ಬಾಲ ಅಂಟಲ್ಲ. ಒಂದೇ ವಿಧಾನದಲ್ಲಿ ಎಲ್ಲಾ ಪೆಪ್ಟೈಡನ್ನೂ ಹಿಡಿಯೋಕಾಗಲ್ಲ ಅನ್ನೋದು ಇಲ್ಲೇ ಗೊತ್ತಾಗತ್ತೆ.

ಕಾಲಮ್ಮಿಂದ ಹೊರಬಂದಿದ್ದು ಎಲೆಕ್ಟ್ರೋಸ್ಪ್ರೇ ಮೂಲಕ ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗತ್ತೆ. ಸೂಕ್ಷ್ಮವಾದ ಜೈವಿಕ ಅಣುಗಳನ್ನ ಒಡೆಯದೇ ಹಾಗೇ ಹಾರಿಸೋ ಈ ವಿದ್ಯೆಗೇ ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು. ಯಂತ್ರ ಹೇಳೋದು ತೂಕ ಅಷ್ಟೇ, ಹೆಸರಲ್ಲ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 229.155 ಅಂತ ಒಂದು ಪೀಕ್ ಬಂತು ಅಂದ್ಕೊಳ್ಳಿ. ಲ್ಯೂಸಿನ್ ಮತ್ತು ಪ್ರೋಲಿನ್ ಸೇರಿದ ಪೆಪ್ಟೈಡಿಗೆ ಯಂತ್ರದಲ್ಲಿ ಅಂಟೋ ಒಂದು ಪ್ರೋಟಾನ್ ಕೂಡಿದ್ರೆ ಇಷ್ಟೇ ತೂಕ ಬರತ್ತೆ. ಆದ್ರೆ ಲ್ಯೂಸಿನ್ ಮೊದಲಾ ಪ್ರೋಲಿನ್ ಮೊದಲಾ? ಅದಕ್ಕೆ ಯಂತ್ರದೊಳಗೇ ಆ ಅಯಾನನ್ನ ಹಿಡಿದು ಗ್ಯಾಸಿಗೆ ಡಿಕ್ಕಿ ಹೊಡೆಸಿ ಒಡೀತಾರೆ. 116.07 ಚೂರು ಬಂದ್ರೆ ಕೊನೇಲಿ ಪ್ರೋಲಿನ್ ಇದೆ ಅಂತ, 132.10 ಬಂದ್ರೆ ಕೊನೇಲಿ ಲ್ಯೂಸಿನ್ ಅಂತ. ಇದು ಕಣ್ಮುಂದೆ ಕೂಡಿ ಬಂದಾಗ ಎಂಥ ಖುಷಿ ಅಂದ್ರೆ, ಎರಡೇ ಎರಡು ನಂಬರಿಂದ ಒಂದು ಅಣು ಯಾವ ಕಡೆ ಮುಖ ಮಾಡಿದೆ ಅಂತ ಹೇಳಬಹುದು!

ಆದ್ರೆ ಅಷ್ಟಕ್ಕೇ ಮುಗಿಯಲ್ಲ. ಲ್ಯೂಸಿನ್ನಿಗೂ ಐಸೋಲ್ಯೂಸಿನ್ನಿಗೂ ತೂಕ ಒಂದೇ, ಒಂದು ಚೂರೂ ವ್ಯತ್ಯಾಸ ಇಲ್ಲ, ಪರಮಾಣು ಅಷ್ಟೇ ಇವೆ, ಜೋಡಣೆ ಮಾತ್ರ ಬೇರೆ. ಎಷ್ಟೇ ಕೋಟಿ ಬೆಲೆಯ ಯಂತ್ರ ಆದ್ರೂ ಬರೀ ತೂಕದಿಂದ ಇವೆರಡನ್ನ ಬೇರೆ ಮಾಡಲ್ಲ. ಎರಡೂ ಪೆಪ್ಟೈಡನ್ನ ಲ್ಯಾಬಲ್ಲಿ ತಯಾರಿಸಿಕೊಂಡು ಅದೇ ಕಾಲಮ್ಮಲ್ಲಿ ಓಡಿಸಿ ಯಾವುದು ಎಷ್ಟನೇ ನಿಮಿಷಕ್ಕೆ ಹೊರಗೆ ಬರತ್ತೆ ಅಂತ ತಾಳೆ ನೋಡಬೇಕು. ಯಾವುದಾದ್ರೂ ಪಟ್ಟಿಯಲ್ಲಿ ನೂರಾರು ಪೆಪ್ಟೈಡಿನ ಹೆಸರಿದ್ದು ಹೀಗೆ ತಯಾರಿಸಿಕೊಂಡ ಸ್ಟ್ಯಾಂಡರ್ಡ್ ಜೊತೆ ಹೋಲಿಸಿದ್ದು ನಾಲ್ಕೋ ಐದೋ ಆಗಿದ್ರೆ, ಉಳಿದದ್ದನ್ನ ನಾನು ಊಹೆ ಅಂತಾನೇ ಓದ್ತೀನಿ, ಹಾಗೆ ಓದೋದೇ ಸರಿ.

ಇನ್ನೊಂದು ಮಜಾ ನೋಡಿ. ಗ್ಲೈಸಿನ್ ಮತ್ತು ಅಲನಿನ್ ಸೇರಿದ ಪೆಪ್ಟೈಡಿನ ತೂಕ 146.069. ಗ್ಲುಟಮಿನ್ ಅನ್ನೋ ಬಿಡಿ ಅಮೈನೋ ಆಸಿಡ್ಡಿನ ತೂಕವೂ 146.069. ಎರಡಕ್ಕೂ ಫಾರ್ಮುಲಾ ಒಂದೇ, ಅಂದ್ರೆ ಪೆಪ್ಟೈಡ್ ಸಿಕ್ತು ಅಂದ್ಕೊಂಡಿದ್ದು ಪೆಪ್ಟೈಡೇ ಆಗಿಲ್ದೇ ಇರಬಹುದು. ಲೈಸಿನ್ 146.106, ಅದು ಹತ್ತಿರ ಇದ್ರೂ ಒಳ್ಳೆ ಯಂತ್ರ ಬೇರೆ ಮಾಡತ್ತೆ, ಹಳೇ ಯಂತ್ರದಲ್ಲಿ ಮೂರೂ 146 ಅಂತಾನೇ ಕಾಣತ್ತೆ. ಹಾಗೇ ಗ್ಲುಟಮಿಕ್ ಆಸಿಡ್ ತನ್ನ ಪಕ್ಕದ ಕೈಯಿಂದ ಕೂಡಿಕೊಂಡಿರೋ ಗಾಮಾ ಗ್ಲುಟಮಿಲ್ ಪೆಪ್ಟೈಡುಗಳು ಫಂಗಸ್ಸುಗಳಲ್ಲಿ ಸಾಮಾನ್ಯ, ಅವಕ್ಕೂ ಮಾಮೂಲಿ ಪೆಪ್ಟೈಡಿಗೂ ತೂಕ ಒಂದೇ.

ಉಂಗುರದ ಜೋಡಿಗಳ ಕಥೆ ಇನ್ನೂ ಸ್ವಾರಸ್ಯ. ಎರಡು ಅಮೈನೋ ಆಸಿಡ್ ಎರಡೂ ಕಡೆ ಕೂಡಿಕೊಂಡು ಆರು ಮೂಲೆಯ ಉಂಗುರ ಆದ್ರೆ ಅದಕ್ಕೆ ಡೈಕೀಟೋಪೈಪರಜಿನ್ ಅಂತಾರೆ. ಈ ಫಂಗಸ್ಸಿಂದ ಬೇರ್ಪಡಿಸಿದ ಪುಟಾಣಿ ಪೆಪ್ಟೈಡುಗಳಲ್ಲಿ ಲ್ಯೂಸಿನ್-ಪ್ರೋಲಿನ್, ವ್ಯಾಲಿನ್-ಪ್ರೋಲಿನ್, ಗ್ಲೈಸಿನ್-ಪ್ರೋಲಿನ್ ಉಂಗುರಗಳು ಇವೆ. ನೇರ ಲ್ಯೂಸಿನ್-ಪ್ರೋಲಿನ್ನಿಂದ ಒಂದು ನೀರಿನ ಅಣು ಹೋದ್ರೆ ಉಂಗುರ, ತೂಕ 229.155ರಿಂದ 211.144ಕ್ಕೆ ಇಳಿಯತ್ತೆ. ತೊಂದರೆ ಎಲ್ಲಿ ಅಂದ್ರೆ ನೇರ ಪೆಪ್ಟೈಡು ಯಂತ್ರದ ಬಾಯಲ್ಲಿ ಬಿಸಿಗೆ ನೀರು ಕಳ್ಕೊಂಡ್ರೂ ಅಲ್ಲಿ 211.144 ಅಂತಾನೇ ಕಾಣತ್ತೆ. ನಿಜವಾದ ಉಂಗುರ ಆಗಿದ್ರೆ ಕಾಲಮ್ಮಿಂದ ನೇರದ್ದಕ್ಕಿಂತ ಬೇರೆ ಸಮಯಕ್ಕೆ ಹೊರಗೆ ಬಂದಿರಬೇಕು, 211 ಮತ್ತು 229 ಒಂದೇ ನಿಮಿಷದಲ್ಲಿ ಒಟ್ಟಿಗೆ ಬಂದ್ರೆ ಅನುಮಾನ ಪಡಬೇಕು. ಅದೂ ಸಾಲದು ಅಂತ ಕುದಿಸಿದ್ರೂ ಹುರಿದ್ರೂ ನೇರ ಪೆಪ್ಟೈಡಿಂದ ಉಂಗುರ ತಾನಾಗೇ ಆಗತ್ತೆ, ಹುರಿದ ಕಾಫಿ ಬೀಜದಲ್ಲಿ, ಕೋಕೋದಲ್ಲಿ ಈ ಅಣುಗಳು ಇರೋದು ಹೀಗೇನೇ. ಕಷಾಯ ಮಾಡಿ ಅನಲೈಸ್ ಮಾಡಿದ್ರೆ ಸಿಕ್ಕ ಉಂಗುರ ಫಂಗಸ್ ಮಾಡಿದ್ದಾ ಒಲೆ ಮಾಡಿದ್ದಾ ಅಂತ ಬೇರೆ ಪ್ರಯೋಗ ಮಾಡೇ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮೂಲದ್ದು. ಹುಳ, ಫಂಗಸ್ ಎರಡೂ ಒಂದೇ ಪುಡಿಯಲ್ಲಿ ಇವೆ ಅಂತ ಆಗಲೇ ಹೇಳಿದ್ನಲ್ಲ. 2013ರಲ್ಲಿ ಈ ಫಂಗಸ್ಸಿನ ಜೀನೋಮ್, ಅಂದ್ರೆ ಅದರ ವಂಶವಾಹಿಗಳ ಪೂರ್ತಿ ಪಟ್ಟಿ, ಪ್ರಕಟ ಆಯ್ತು, ಹಾಗಾಗಿ ಸಿಕ್ಕ ಪೆಪ್ಟೈಡು ಯಾವ ಪ್ರೋಟೀನಿನ ತುಂಡು ಅಂತ ಡೇಟಾಬೇಸಲ್ಲಿ ಹುಡುಕಬಹುದು. ಆದ್ರೆ ಊರಲ್ಲಿ ನಿಂತು ಬರೀ ರಮೇಶ ಎಲ್ಲಿ ಅಂತ ಕೇಳಿದ್ರೆ ಹತ್ತು ಮನೆ ತೋರಿಸ್ತಾರೆ, ಮೇಲಿನಕೇರಿ ಶಾನುಭೋಗರ ಮೊಮ್ಮಗ ರಮೇಶ ಅಂದ್ರೆ ಮಾತ್ರ ಒಂದೇ ಮನೆಗೆ ಕರ್ಕೊಂಡು ಹೋಗ್ತಾರೆ, ಪೆಪ್ಟೈಡೂ ಹಾಗೇ. ಎರಡು ಮೂರರದ್ದು ಹುಳದಲ್ಲೂ ಇದೆ, ಫಂಗಸ್ಸಲ್ಲೂ ಇದೆ, ನಮ್ಮ ನಿಮ್ಮ ಮೈಯಲ್ಲೂ ಇದೆ. ಹತ್ತು ಅಮೈನೋ ಆಸಿಡ್ ಉದ್ದ ಇದ್ರೆ ಸಾಧ್ಯತೆಗಳು ಹತ್ತು ಲಕ್ಷ ಕೋಟಿ ದಾಟತ್ತೆ, ಆಗ ಅದು ಇಂಥ ಪ್ರೋಟೀನಿಂದಾನೇ ಬಂದಿದ್ದು ಅಂತ ಧೈರ್ಯವಾಗಿ ಹೇಳಬಹುದು. ಮಾಮೂಲಿ ಪ್ರೋಟೀನ್ ಅನಾಲಿಸಿಸಲ್ಲಿ ಟ್ರಿಪ್ಸಿನ್ ಅನ್ನೋ ಎಂಜೈಮ್ ಹಾಕಿ ಕತ್ತರಿಸಿರ್ತಾರೆ, ಅದು ಲೈಸಿನ್ ಅಥವಾ ಆರ್ಜಿನಿನ್ ಆದ್ಮೇಲೆ ಮಾತ್ರ ಕತ್ತರಿಸತ್ತೆ, ಹಾಗಾಗಿ ತುದಿ ಯಾವುದು ಅಂತ ಮೊದಲೇ ಗೊತ್ತು. ಇಲ್ಲಿ ಪ್ರಕೃತಿಯೇ ಎಲ್ಲಿ ಬೇಕಾದ್ರೂ ಕತ್ತರಿಸಿರೋದ್ರಿಂದ ಆ ಸುಳಿವೂ ಇಲ್ಲ. ಜೊತೆಗೆ ಸೈಕ್ಲೋಸ್ಪೋರಿನ್ ಥರದ್ದು ಪ್ರೋಟೀನಿನ ತುಂಡೇ ಅಲ್ಲ, ಪ್ರತ್ಯೇಕ ಎಂಜೈಮುಗಳು ನೇರವಾಗಿ ಜೋಡಿಸಿ ಮಾಡೋವು, ಅದರಲ್ಲಿ ಮಾಮೂಲಿ ಇಪ್ಪತ್ತರಲ್ಲಿ ಇಲ್ಲದ ಅಮೈನೋ ಆಸಿಡ್ಡೂ ಇರತ್ತೆ, ಡೇಟಾಬೇಸಲ್ಲಿ ಹುಡುಕಿದ್ರೆ ಏನೂ ಸಿಗಲ್ಲ.

ಈ ಕೊನೇ ಥರದ ಕೆಲಸ ಬೆಂಗಳೂರಲ್ಲೇ ಬಹಳ ಚೆನ್ನಾಗಿ ಆಗಿದೆ, ಇದನ್ನ ಹೇಳೋಕೆ ನನಗೆ ನಿಜವಾಗ್ಲೂ ಹೆಮ್ಮೆ. ಐಐಎಸ್‌ಸಿಯಲ್ಲಿ ಪಿ. ಬಲರಾಂ ಅವರ ತಂಡ ಐಸೇರಿಯಾ ಅನ್ನೋ ಫಂಗಸ್ಸಿಂದ ಆರು ಘಟಕದ ಉಂಗುರ ಪೆಪ್ಟೈಡುಗಳನ್ನ ಬೇರ್ಪಡಿಸಿ 2004ರಲ್ಲಿ ಪ್ರಕಟಿಸ್ತು, ಅವಕ್ಕೆ ಐಸಾರಿಡಿನ್ ಅಂತ ಹೆಸರು. ಹರಳು ಬೆಳೆಸಿ ಎಕ್ಸ್‌ರೇಯಿಂದ ರಚನೆ ನೋಡಿದ್ರು, ಅಣುವಿನ ಜೋಡಣೆ ತೋರಿಸೋ ಎನ್‌ಎಂಆರ್ ಮಾಡಿದ್ರು, ಆಮೇಲೆ 2007ರಲ್ಲಿ ಅದೇ ಫಂಗಸ್ಸಿನ ಇನ್ನಷ್ಟು ಉಂಗುರಗಳನ್ನ ಗುರುತಿಸಿದ್ರು, ಒಂದಕ್ಕೂ ಇನ್ನೊಂದಕ್ಕೂ ಒಂದೋ ಎರಡೋ ಜಾಗದಲ್ಲಿ ಮಾತ್ರ ವ್ಯತ್ಯಾಸ ಇರೋ ದೊಡ್ಡ ಕುಟುಂಬ ಅದು. ಉಂಗುರಾನ ಮಾಸ್ ಸ್ಪೆಕ್ಟ್ರೋಮೀಟರಲ್ಲಿ ಓದೋದು ನೇರದ್ದಕ್ಕಿಂತ ಕಷ್ಟ, ಯಾಕಂದ್ರೆ ಯಾವ ಜಾಗದಲ್ಲಿ ಬೇಕಾದ್ರೂ ಬಿಚ್ಚಿಕೊಳ್ಳತ್ತೆ, ಆರು ಘಟಕ ಇದ್ರೆ ಆರು ಥರದ ನೇರ ಸರಣಿಯ ಚೂರುಗಳು ಒಂದರ ಮೇಲೊಂದು ಬಿದ್ದಿರತ್ವೆ. ಕೀಡಾ ಜಡಿಯ ಪೆಪ್ಟೈಡುಗಳ ಬಗ್ಗೆ ನಾನು ಓದೋವಾಗ ಅಳತೆಗೋಲು ಅಂತ ಇಟ್ಕೊಳ್ಳೋದು ಈ ಮಟ್ಟದ ಪುರಾವೆಯನ್ನ.

ಸರಿ, ಸಿಕ್ಕ ಪೆಪ್ಟೈಡು ದೇಹದಲ್ಲಿ ಏನಾದ್ರೂ ಮಾಡತ್ತಾ? ಎರಡು ಮೂರರ ಪೆಪ್ಟೈಡನ್ನ ಹಾಗೇ ಒಳಗೆ ತಗೊಳ್ಳೋ ಪೆಪ್‌ಟಿ1 ಅನ್ನೋ ಸಾಗಣೆದಾರ ನಮ್ಮ ಸಣ್ಣ ಕರುಳಲ್ಲಿ ಇದೆ, ಪ್ರೋಲಿನ್ ಇರೋವು ಮತ್ತು ಉಂಗುರದವು ಜೀರ್ಣರಸಕ್ಕೆ ಬೇಗ ಒಡೆಯಲ್ಲ. ಹುದುಗಿಸಿದ ಹಾಲಲ್ಲಿ ಸಿಗೋ ವ್ಯಾಲಿನ್-ಪ್ರೋಲಿನ್-ಪ್ರೋಲಿನ್, ಐಸೋಲ್ಯೂಸಿನ್-ಪ್ರೋಲಿನ್-ಪ್ರೋಲಿನ್ ಎರಡೂ ಬಿಪಿಗೆ ಸಂಬಂಧಪಟ್ಟ ಎಸಿಇ ಎಂಜೈಮನ್ನ ತಡೆಯತ್ವೆ ಅಂತ ಜಪಾನಿನವರು 1995ರಲ್ಲೇ ತೋರಿಸಿದ್ರು. ಹಾಗಾಗಿ ಪುಟಾಣಿ ಪೆಪ್ಟೈಡಿಗೆ ಶಕ್ತಿ ಇಲ್ಲ ಅನ್ನೋಕಾಗಲ್ಲ. ಆದ್ರೆ ಟೆಸ್ಟ್ ಟ್ಯೂಬಲ್ಲಿ ಎಂಜೈಮ್ ತಡೆಯೋದಕ್ಕೂ ಮನುಷ್ಯನ ಬಿಪಿ ಇಳಿಯೋದಕ್ಕೂ ನಡುವೆ ಪ್ರಮಾಣ ಅನ್ನೋದು ಇದೆ. ಚೀನಾದ ಫಾರ್ಮಕೋಪಿಯಾ, ಅಂದ್ರೆ ಅಲ್ಲಿನ ಅಧಿಕೃತ ಔಷಧಿ ಗ್ರಂಥ, ಹೇಳೋ ಡೋಸು ದಿನಕ್ಕೆ 3ರಿಂದ 9 ಗ್ರಾಮ್, ಅದರಲ್ಲಿ ಒಂದೊಂದು ಪುಟಾಣಿ ಪೆಪ್ಟೈಡು ಎಷ್ಟಿದೆ ಅಂತ ಐಸೋಟೋಪ್ ಹಾಕಿದ ಸ್ಟ್ಯಾಂಡರ್ಡ್ ಜೊತೆ ಅಳೆದು ಹೇಳಿದ್ರೆ ಮಾತ್ರ ಮಾತಿಗೆ ಅರ್ಥ. ಒಟ್ಟು ಪ್ರೋಟೀನ್ ಇಷ್ಟು ಪರ್ಸೆಂಟ್ ಅನ್ನೋ ನಂಬರ್ ಅದಕ್ಕೆ ಪ್ರಯೋಜನ ಇಲ್ಲ, ಅದು ನೈಟ್ರೋಜನ್ ಅಳೆದು 6.25ರಿಂದ ಗುಣಿಸಿದ್ದು, ಹುಳದ ಸಿಪ್ಪೆಯ ಕೈಟಿನ್, ಅಡೆನೋಸಿನ್ ಇವುಗಳ ನೈಟ್ರೋಜನ್ನೂ ಅದರಲ್ಲೇ ಸೇರಿರತ್ತೆ. ಫಾರ್ಮಕೋಪಿಯಾ ಗುಣಮಟ್ಟಕ್ಕೆ ಅಳೆಯೋದೂ ಪೆಪ್ಟೈಡನ್ನಲ್ಲ, ಅಡೆನೋಸಿನ್ನನ್ನ, ಕನಿಷ್ಠ 0.010 ಪರ್ಸೆಂಟ್ ಇರಬೇಕು ಅಂತ.

ನನ್ನ ಅಭಿಪ್ರಾಯದಲ್ಲಿ ಪೆಪ್ಟೈಡ್ ಅನಾಲಿಸಿಸ್ ಸದ್ಯಕ್ಕೆ ಹೆಚ್ಚು ಉಪಯೋಗಕ್ಕೆ ಬರೋದು ಔಷಧಿ ಗುಣ ಹೇಳೋಕಲ್ಲ, ಕಲಬೆರಕೆ ಹಿಡಿಯೋಕೆ. ಇಡೀ ಪೀಸಾದ್ರೆ ನೋಡಿ ಗುರುತಿಸಬಹುದು, ಪುಡಿ ಮಾಡಿದ್ಮೇಲೆ ಏನೂ ಗೊತ್ತಾಗಲ್ಲ. ತೂಕ ಹೆಚ್ಚಿಸೋಕೆ ಹುಳದೊಳಗೆ ಲೋಹದ ತಂತಿ ತುರುಕೋದು, ಹಿಟ್ಟಲ್ಲಿ ಅಚ್ಚು ಹಾಕಿ ಮಾಡೋದು ಎಲ್ಲಾ ನಡೆದಿದೆ, ತೈವಾನಲ್ಲಿ ಕಾರ್ಡಿಸೆಪ್ಸ್ ಪುಡಿ ತಗೊಂಡವರಿಗೆ ಸೀಸದ ವಿಷ ಏರಿದ್ದು ವೈದ್ಯಕೀಯ ವರದಿಯಲ್ಲೇ ದಾಖಲಾಗಿದೆ. ಇದಕ್ಕೆ ಬೇಕಾಗಿರೋದು ಎರಡು ಮೂರರ ಪೆಪ್ಟೈಡಲ್ಲ, ಎಂಟು ಹತ್ತಕ್ಕಿಂತ ಉದ್ದದ್ದು, ಈ ಫಂಗಸ್ಸಿನ ಜೀನೋಮಲ್ಲಿ ಮಾತ್ರ ಇರೋದು ಒಂದಷ್ಟು, ಆ ಪತಂಗದ ಹುಳದಲ್ಲಿ ಮಾತ್ರ ಇರೋದು ಒಂದಷ್ಟು. ಎರಡೂ ಥರದ್ದು ಕಾಣಿಸಿದ್ರೆ ಪುಡಿಯಲ್ಲಿ ಹುಳದ ಸಮೇತ ಬೆಳೆದ ಸರಕು ಇದೆ ಅಂತ, ಫಂಗಸ್ಸಿದು ಮಾತ್ರ ಇದ್ರೆ ಟ್ಯಾಂಕಲ್ಲಿ ಬೆಳೆಸಿದ ಮೈಸೀಲಿಯಂ (ಫಂಗಸ್ಸಿನ ದಾರದಂಥ ಎಳೆಗಳು) ಅಂತ. ಟ್ಯಾಂಕಲ್ಲಿ ಬೆಳೆಸಿದ್ದು ಕೆಟ್ಟದ್ದು ಅಂತಲ್ಲ, ಬೆಟ್ಟ ಖಾಲಿ ಮಾಡೋದಕ್ಕಿಂತ ಅದೇ ಮೇಲು, ಆದ್ರೆ ಬೆಟ್ಟದ್ದು ಅಂತ ಹೇಳಿ ಮಾರಬಾರದು ಅಷ್ಟೇ.

ಅಸಲಿ ಇದ್ರೂ ಒಂದು ಸಮಸ್ಯೆ ಉಳಿಯತ್ತೆ, ಅದು ಪೆಪ್ಟೈಡ್ ಟೆಸ್ಟಲ್ಲಿ ಕಾಣೋದೇ ಇಲ್ಲ. 2016ರಲ್ಲಿ ಚೀನಾದ ಆಹಾರ ಮತ್ತು ಔಷಧ ಇಲಾಖೆ ಪರೀಕ್ಷೆ ಮಾಡಿದಾಗ ಇದರಲ್ಲಿ ಕೆಜಿಗೆ 4.4ರಿಂದ 9.9 ಮಿಲಿಗ್ರಾಮ್ ಆರ್ಸೆನಿಕ್ ಸಿಕ್ತು, ಆರೋಗ್ಯ ಆಹಾರಕ್ಕೆ ಅಲ್ಲಿನ ಮಿತಿ 1 ಮಿಲಿಗ್ರಾಮ್. ದೀರ್ಘಕಾಲ ತಗೊಂಡ್ರೆ ಅಪಾಯ ಅಂತ ಅವರೇ ಎಚ್ಚರಿಕೆ ಕೊಟ್ರು. ನಮ್ಮಲ್ಲಿ ಕಮ್ಮಿ ಬೆಲೆಗೆ ಸಿಗೋದು ಹೆಚ್ಚಾಗಿ ಕಾರ್ಡಿಸೆಪ್ಸ್ ಮಿಲಿಟಾರಿಸ್, ರೂಮಲ್ಲಿ ಬಾಟಲಿಯಲ್ಲಿ ಬೆಳೆಸೋ ಕಿತ್ತಳೆ ಬಣ್ಣದ್ದು, ಅದರ ಮುಖ್ಯ ವಸ್ತು ಕಾರ್ಡಿಸೆಪಿನ್, ಕೀಡಾ ಜಡಿಯಲ್ಲಿ ಅದು ಇರೋದೇ ಅತ್ಯಲ್ಪ, ಹಾಗಾಗಿ ಒಂದರ ಮೇಲೆ ಆದ ಸಂಶೋಧನೆಯನ್ನ ಇನ್ನೊಂದರ ಡಬ್ಬದ ಮೇಲೆ ಹಾಕೋದು ಸರಿಯಲ್ಲ. ತಗೊಳ್ಳಲೇಬೇಕು ಅಂತಿದ್ರೆ ಪ್ರಭೇದದ ಪೂರ್ತಿ ಹೆಸರು, ಆರ್ಸೆನಿಕ್ ಸೀಸದ ಟೆಸ್ಟ್ ರಿಪೋರ್ಟ್ ಕೇಳಿ, ಪೆಪ್ಟೈಡ್ ಅಂತ ಹಾಕಿದ್ರೆ ಯಾವ ಪೆಪ್ಟೈಡು, ಗ್ರಾಮಿಗೆ ಎಷ್ಟು ಮೈಕ್ರೋಗ್ರಾಮ್, ಯಾವ ಸ್ಟ್ಯಾಂಡರ್ಡ್ ಜೊತೆ ಹೋಲಿಸಿ ಅಳೆದ್ರು ಅಂತಾನೂ ಕೇಳಿ. ಕಿಡ್ನಿ ತೊಂದರೆ ಇರೋವ್ರು, ಕಸಿ ಆಗಿ ಸೈಕ್ಲೋಸ್ಪೋರಿನ್ ಮೇಲೆ ಇರೋವ್ರು ಡಾಕ್ಟರನ್ನ ಕೇಳದೇ ಮುಟ್ಟಬೇಡಿ.